ಎಡಗಡೆ ಕಾಣಿಸದ ಎಕ್ಸ್‌ರೇ

ದೇಹದೊಳಗಿನ ಗುಟ್ಟು ದೇವರೊಬ್ಬನಿಗೇ ಗೊತ್ತು ಎಂದು ಹಿರಿಯರು ಹೇಳುತ್ತಿದ್ದರು. ಜೆ.ಪಿ. ನಗರದ ಎಕ್ಸ್‌ರೇ ಸೆಂಟರಿನಲ್ಲಿ ಅದು ಟೋಕನ್ ತೆಗೆದುಕೊಂಡು ಕೂತವರಿಗೆಲ್ಲ ಗೊತ್ತಾಗುತ್ತದೆ. ಗೊತ್ತಾಗದಂತೆ ನೋಡಿಕೊಂಡವನು ನಾನು. ಸವಿತಾ, ನಿನ್ನ ಮಗಳು ನಿಧಿಯ ಸೊಂಟದ ಎಕ್ಸ್‌ರೇ ಬಗ್ಗೆ ನಿನ್ನ ಮಾವನಾದ ನಾನು ಹೇಳಿದ್ದು ಸುಳ್ಳು.

ಮಗು ಆಗಷ್ಟೇ ಹೆಜ್ಜೆ ಇಡುತ್ತಿತ್ತು, ಎಡಕ್ಕೆ ವಾಲುತ್ತಿತ್ತು. ಸೊಂಟದ ಕೀಲು ತನ್ನ ಗೂಡಿನಲ್ಲಿ ಕೂತಿದೆಯೋ ಇಲ್ಲವೋ ನೋಡಬೇಕೆಂದು ಮಕ್ಕಳ ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು. ನಿನಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಜರಗನಹಳ್ಳಿಯ ಮನೆಯಲ್ಲಿ ಬಿಡುವಾಗಿದ್ದ ಏಕೈಕ ಗಣ್ಯವ್ಯಕ್ತಿ ನಾನು. ಆಟೊದಲ್ಲಿ ಆ ಸೆಂಟರಿಗೆ ಕರೆದೊಯ್ದೆ.

ಮಗುವಿನ ಉಡಿದಾರದಲ್ಲಿ ನಿನ್ನತ್ತೆ ಕಟ್ಟಿದ ಬೆಳ್ಳಿಯ ತಾಯಿತವಿತ್ತು — ತಾನು ಆಸ್ಪತ್ರೆಗೆ ಸೇರುವ ದಿನ ಕಟ್ಟಿದ್ದು, ಅವಳು ಹಿಂತಿರುಗಲಿಲ್ಲ. ಅದನ್ನು ಬಿಚ್ಚಿ ಎಂದರು ಎಕ್ಸ್‌ರೇ ತೆಗೆಯುವವರು. ಪಕ್ಕಕ್ಕೆ ಸರಿಸಿದರೆ ಸಾಲದೇ ಎಂದು ವಾದಿಸಿದೆ. ಗೆದ್ದೆ. ತಾಯಿತ ಜಾರಿ, ಚಿತ್ರದಲ್ಲಿ ಸರಿಯಾಗಿ ಎಡಕೀಲಿನ ಮೇಲೆ ಬಿಳಿಯ ತುಂಡಾಗಿ ಕೂತಿತ್ತು.

“ಅಂಕಲ್, ಎಡಗಡೆ ಏನೂ ಕಾಣ್ತಿಲ್ಲ. ದಾರ ಕಟ್ ಮಾಡಿ, ಇನ್ನೊಂದ್ಸಲ ತೆಗೆಯೋಣ,” ಎಂದಳು ಅಲ್ಲಿನ ಡಾಕ್ಟರಮ್ಮ.

“ಅದನ್ನ ಕಟ್ ಮಾಡೋ ಹಾಗಿಲ್ಲಮ್ಮ.”

“ದಾರ ಬೇರೆ ಸಿಗತ್ತೆ ಅಂಕಲ್, ಕಾಲು ಸಿಗಲ್ಲ.”

ನಾಳೆ ಬರುತ್ತೇನೆಂದು ಎದ್ದು ಬಂದೆ.

ಸಂಜೆ ನೀನು ಚಪ್ಪಲಿ ಬಿಡುವ ಮೊದಲೇ ಕೇಳಿದೆ — “ಏನಂದ್ರು ಮಾವ?”

“ಎಲ್ಲಾ ನಾರ್ಮಲ್ ಅಂತೆ. ಮಕ್ಕಳ ಡಾಕ್ಟ್ರಿಗೂ ತೋರಿಸ್ಕೊಂಡೇ ಬಂದೆ.”

ಎರಡನೆಯ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ಸುಳ್ಳುಗಾರನ ಔದಾರ್ಯ. ನೀನು ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದೆ.

ಸತ್ತವಳು ಕಟ್ಟಿದ ಗಂಟಿನ ಮೇಲಿನ ಮಮತೆಯಷ್ಟೇ ಆಗಿದ್ದರೆ — ಅಲ್ಲ, ಅದೂ ಅಲ್ಲ. ಕೆಲವೇ ವಾರಗಳಲ್ಲಿ, ಸ್ನಾನ ಮಾಡಿಸುವಾಗ, ಆ ದಾರ ತಾನೇ ಸವೆದು ಹರಿಯಿತು. ಇನ್ನು ಅಡ್ಡಿಯೇನಿತ್ತು? ಹೋಗಬಹುದಿತ್ತು. ಹೋದರೆ ಮೊದಲ ಸುಳ್ಳು ಹೊರಬೀಳುತ್ತಿತ್ತು... ಮನೆಯಲ್ಲಿ ನನ್ನ ಮಾತಿಗೊಂದು ತೂಕವಿತ್ತು, ಅದನ್ನು ಉಳಿಸಿಕೊಂಡೆ. ಮಗು ವಾಲಿದಾಗಲೆಲ್ಲ “ನಮ್ಮ ವಂಶದ ನಡಿಗೇನೇ ಹಾಗಮ್ಮ, ಗತ್ತು!” ಎಂದೆ. ನೀವೆಲ್ಲ ನಕ್ಕಿರಿ.

ನಿಧಿಗೆ ಮೂರು ವರ್ಷ ದಾಟಿದ ಮೇಲೆ ನರ್ಸರಿಯ ಮಿಸ್ ನಿನ್ನನ್ನು ಕರೆಸಿದಳು. ಮೂಳೆ ಡಾಕ್ಟರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಒಂದ್ ವರ್ಷದಲ್ಲೇ ತಂದಿದ್ರೆ ಬರೀ ಪ್ಲಾಸ್ಟರ್ ಹಾಕಿ ಕೂರಿಸ್ಬಹುದಿತ್ತು. ಆಗ ತೆಗೆಸ್ಲಿಲ್ವಾ?” ಎಂದರು.

“ತೆಗೆಸಿದ್ವಿ ಸಾರ್. ಆ ಡಾಕ್ಟ್ರಮ್ಮ ನಾರ್ಮಲ್ ಅಂದ್ಲಲ್ಲ... ಅವಳ ಕಣ್ಣು ಇಂಗಿಹೋಗ!”

ನಾನು ಪಕ್ಕದಲ್ಲೇ ಕೂತಿದ್ದೆ.

ಆ ಶಾಪ ನನ್ನದು, ಸವಿತಾ. ವಿಳಾಸ ತಿದ್ದಿಕೋ.

ನಿಧಿಯ ತೊಡೆಮೂಳೆ ಕತ್ತರಿಸಿ ಕೀಲು ಕೂರಿಸಿದರು. ಈಗ ಅವಳಿಗೆ ಹತ್ತು ವರ್ಷ. ಎಡಗಾಲು ಬಲಗಾಲಿಗಿಂತ ಗಿಡ್ಡ.