ಕಣ್ಣೊಳಗಿನ ಕ್ಯಾಮೆರಾ

ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಹುಬ್ಬಳ್ಳಿ ಅಂಕಲ್ ಮುಖ್ಯವಾದ ಮಾತಾಡುವ ಮೊದಲು ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುತ್ತಿದ್ದರು. ಅದು ಕದ್ದು ಕೇಳುತ್ತದಂತೆ. ಆಮೇಲೆ ಕುತ್ತಿಗೆ ಚಾಚಿ, "ನಿನಗಷ್ಟ ಹೇಳಾಕತ್ತೇನಿ, ಯಾರ ಮುಂದೂ ಬಾಯಿ ಬಿಡಬ್ಯಾಡ" ಎನ್ನುವರು. ಆದರೆ ಅಂದು ಬೆಳಿಗ್ಗೆಯೇ ಅದನ್ನು ಇಡೀ ವಾಟ್ಸಾಪ್ ಗುಂಪಿಗೆ ಕಳಿಸಿರುತ್ತಿದ್ದರು. ಆ ಕುತ್ತಿಗೆ, ಆ ಪಿಸುದನಿಯನ್ನು ಅನುಕರಿಸಿಯೇ ನಾನು ಪಾರ್ಟಿಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ನನ್ನ ಸ್ವಂತ ಪ್ರತಿಭೆ ಅಷ್ಟಕ್ಕಷ್ಟೆ.

ಆಂಟಿಗೆ ಕಣ್ಣಿನ ಪೊರೆ ಬೆಳೆದು, ಎದುರು ನಿಂತವರ ಗುರುತೇ ಹತ್ತದಂತಾಯಿತು. ಆಪರೇಷನ್ನಿನ ಹಿಂದಿನ ದಿನ ಅಂಕಲ್ ಬೇಡವೆಂದು ಹಟ ಹಿಡಿದರು.

"ಲೆನ್ಸ್ ಅಂತ ಹೇಳಿ ಕಣ್ಣಾಗ ಕ್ಯಾಮೆರಾ ಇಡ್ತಾರ."

"ಇಟ್ರ ಇಡವಲ್ರ್ಯಾಕ," ಎಂದರು ಆಂಟಿ. "ದಿನಾ ನಿಮ್ಮ ಮಾರಿ ನೋಡಿ ನೋಡಿ ಸಾಕಾಗಿ, ಅವರ ಬಂದು ಅದನ್ನ ತಕ್ಕೊಂಡು ಹೋಗ್ತಾರ."

ನಾನು ವಿಡಿಯೊ ತೋರಿಸಿದೆ, ಡಾಕ್ಟರುಗಳ ಲೇಖನ ಓದಿ ಹೇಳಿದೆ. ಅಂಕಲ್ ಎಲ್ಲಕ್ಕೂ ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಕೊನೆಗೆ ಮೆಲ್ಲಗೆ ಕೇಳಿದರು: "ನಿಮ್ಮವ್ವಗ ಮಾಡಿಸೀರೇನು?"

"ಹೂಂ ಅಂಕಲ್, ಎರಡೂ ಕಣ್ಣಿಗೆ. ನಾನೇ ಕರ್ಕೊಂಡು ಹೋಗಿದ್ದೆ."

"ಹಂಗಾರ ನಾಳೆ ನೀನೂ ಬಾ."

ನಾನು ಹೇಳಿದ್ದು ನಿಜವೇ. ಆದರೆ ಜಗತ್ತಿನಲ್ಲಿ ಯಾರನ್ನೂ ನಂಬದ ಮನುಷ್ಯ, ಕಂಡವರ ದನಿ ಕದ್ದು ನಗಿಸುವ ನನ್ನ ಬಳಿ ಪುರಾವೆ ಕೇಳಲಿಲ್ಲ.

ಮರುದಿನ ಆಂಟಿಯನ್ನು ಒಳಗೆ ಕರೆದೊಯ್ದರು. ಹೊರಗೆ ಅಂಕಲ್ ಬಾಗಿಲನ್ನೂ ನೋಡಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತರು. ದಿನವಿಡೀ ಸೊಟ್ಟ ಮಾಡುವ ಆ ಮುಖವನ್ನು ನೆಟ್ಟಗೆ ಇಟ್ಟುಕೊಳ್ಳುವಷ್ಟರಲ್ಲಿ ನಾನು ಬೆವೆತುಹೋದೆ.