ವಾಲಗದ ತಾತನ ಉಸಿರು

ಮನೆಗೆ ಸುಣ್ಣ ಹೊಡೆಸೋಣ ಅಂತ ಕಳೆದ ವಾರ ಅಟ್ಟದ ಮೇಲಿನ ಟ್ರಂಕುಗಳನ್ನೆಲ್ಲ ಕೆಳಗಿಳಿಸಿದೆವು. ಒಂದರ ತಳದಲ್ಲಿ ನನ್ನದೊಂದು ಹಳೇ ಅಂಗಿ ಸಿಕ್ಕಿತು. ಜೇಬಿನಲ್ಲಿ ಗೋಲಿ ಗಾತ್ರದ ಗಂಟು. ನಮ್ಮ ಮಗ್ಗದಲ್ಲಿ ಉಳಿದ ಹಸಿರು ರೇಷ್ಮೆ ತುಂಡಿನಲ್ಲಿ ಓಮ, ಲವಂಗ, ಪಚ್ಚಕರ್ಪೂರ ಕಟ್ಟಿದ್ದು. ಕರ್ಪೂರ ಯಾವತ್ತೋ ಹಾರಿಹೋಗಿತ್ತು. ಮೂಗಿನ ಹತ್ತಿರ ಹಿಡಿದೆ. ಓಮದ ಘಾಟು ಇನ್ನೂ ಸ್ವಲ್ಪ ಉಳಿದಿತ್ತು... ಅಷ್ಟೇ ಸಾಕಾಯಿತು. ಕೊಳ್ಳೇಗಾಲದ ಹೊರಗಿನ ಆ ಹಾಸ್ಟೆಲ್ಲಿನ ಉದ್ದನೆಯ ಹಾಲ್, ಕಬ್ಬಿಣದ ಮಂಚಗಳು, ಪಕ್ಕದ ಮಂಚದ ಅಂಚಿನಿಂದ ಕೆಳಗೆ ಇಳಿಬಿದ್ದ ಒಂದು ಮುದಿ ಕೈ, ಎಲ್ಲವೂ ಒಟ್ಟಿಗೆ ಎದುರು ಬಂದು ನಿಂತವು.

ಕೊರೊನಾದ ಎರಡನೇ ಅಲೆ ಅದು. ನಮ್ಮ ಬೀದಿಯ ಎರಡೂ ತುದಿಗೆ ಬೊಂಬು ಕಟ್ಟಿದ್ದರು. ನೂಲು ಬರುತ್ತಿರಲಿಲ್ಲ, ನೇಯ್ದ ಸೀರೆ ಹೋಗುತ್ತಿರಲಿಲ್ಲ, ಮಗ್ಗಗಳು ಸುಮ್ಮನೆ ಕೂತಿದ್ದವು. ಮಗಳ ಮದುವೆ ನಿಶ್ಚಯವಾಗಿ ಮುಂದಕ್ಕೆ ಹೋಗಿತ್ತು. ಅಷ್ಟರಲ್ಲಿ ನನಗೆ ಜ್ವರ ಹಿಡಿಯಿತು. ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ ನೋಡಿದ ಆರೋಗ್ಯ ಇಲಾಖೆಯವರು ಮುಖ ಸಣ್ಣಗೆ ಮಾಡಿಕೊಂಡು, ಈಗಲೇ ಹೊರಡಿ ಅಂದರು. ಹೆಂಡತಿ ಬಾಗಿಲಲ್ಲೇ ನಿಲ್ಲಬೇಕಾಯಿತು. ಹತ್ತಿರ ಬರಬೇಡಿ ಅಂತ ಅವರು ಹೇಳುತ್ತಿದ್ದರೂ ಓಡಿಬಂದು, ಉಸಿರು ಕಟ್ಟಿದಾಗ ಮೂಸಿ ಅಂತ ಆ ಗಂಟನ್ನು ನನ್ನ ಜೇಬಿಗೆ ತುರುಕಿ ಹೋದಳು. ಆಂಬ್ಯುಲೆನ್ಸಿನ ಕಿಟಕಿಯಿಂದ ನೋಡಿದರೆ, ನಮ್ಮ ಬೀದಿಯ ಬಾಗಿಲುಗಳೆಲ್ಲ ಅರ್ಧ ತೆರೆದಿದ್ದವು. ಯಾರೂ ಹೊರಗೆ ಬರಲಿಲ್ಲ. ಅವರದೂ ತಪ್ಪಲ್ಲ, ಆಗ ಎಲ್ಲರಿಗೂ ಅಷ್ಟು ಭಯ.

ಕೊರೊನಾ ರೋಗಿಗಳಿಗೆ ಅಂತ ತೆರೆದಿದ್ದ ಆ ಹಾಸ್ಟೆಲ್ಲಿನಲ್ಲಿ ನನ್ನ ಪಕ್ಕದ ಮಂಚ ವಾಲಗದ ತಾತನದು. ಯಳಂದೂರಿನವರು. ಮದುವೆ ಮನೆಗಳಲ್ಲಿ ವಾಲಗ ಊದಿಕೊಂಡೇ ಜೀವನ ಮಾಡಿದವರು. ನಾನು ಹೋದಾಗ ಅವರು ಸಿಸ್ಟರ್ ಜೊತೆ ಜಗಳದಲ್ಲಿದ್ದರು.

“ಇದ ಉಪ್ಪಿಟ್ಟು ಅಂತಾರೇನವ್ವಾ? ಗೋಡೆಗ ಒಡುದ್ರೆ ಅಂಟ್ಕತದೆ.”

“ಗೋಡೆಗೆ ಬೇಡ, ಬಾಯಿಗೆ ಹಾಕ್ಕೊಳ್ಳಿ ತಾತ,” ಅಂದರು ಸಿಸ್ಟರ್. ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಉಡುಪಿನೊಳಗೆ ಮುಚ್ಚಿಹೋಗಿದ್ದ ಅವರ ಮುಖ ನಮಗೆ ಯಾರಿಗೂ ಗೊತ್ತಿರಲಿಲ್ಲ. ದನಿ ಒಂದೇ ಪರಿಚಯ.

ತಾತನಿಗೆ ದೊಡ್ಡ ಬಿಳಿ ಮೀಸೆ. ಎದ್ದ ಕೂಡಲೇ ಅದಕ್ಕೆ ನೀರು ಸವರಿ ತಿರುವುವುದು ಮೊದಲ ಕೆಲಸ. ಮಾತು ಜಾಸ್ತಿ, ಜಂಬವೂ ಜಾಸ್ತಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಒಂದು ಮದುವೆಗೆ ಊದುವಾಗ ಆನೆಗಳು ಬಂದು ಸಾಲಾಗಿ ನಿಂತು ಕೇಳಿದ್ದವಂತೆ. ಎದುರು ಮಂಚದಲ್ಲಿ ಪಾಲಾರ್ ಕಡೆಯ ಲಾರಿ ಡ್ರೈವರ್ ಒಬ್ಬ ಇದ್ದ, ಮಾತಿಗೆ ಮೊದಲು ತಮಿಳು ಬರುತ್ತಿತ್ತು.

“ಆಮಾ ತಾತಾ, ಆನೆ ಮುಯ್ಯಿ ಎಷ್ಟ್ ಆಕ್ತು?” ಅಂತ ಅವನು ಕೇಳಿದ.

“ನೀನ್ ಕೆಮ್ಮದ ನಿಲ್ಸು, ಆಮ್ಯಾಕೆ ಯೋಳ್ತೀನಿ,” ಅಂದರು ತಾತ. ಕೆಮ್ಮು ಬಂದವರೆಲ್ಲ ನಕ್ಕು ಇನ್ನಷ್ಟು ಕೆಮ್ಮಿದರು.

ಆ ನಗು ಹೆಚ್ಚು ಕಾಲ ಉಳಿಯಲಿಲ್ಲ. ಒಂದು ಬೆಳಗ್ಗೆ ಬಾಗಿಲ ಹತ್ತಿರದ ಮಂಚದವರು ಏಳಲಿಲ್ಲ. ಧನಗೆರೆಯ ಬೇಸಾಯದವರು. ಹಿಂದಿನ ದಿನವಷ್ಟೇ ಫೋನಿನಲ್ಲಿ ಹಸುವಿಗೆ ಹುಲ್ಲು ಹಾಕಿದಿರಾ ಅಂತ ಕೇಳುತ್ತಿದ್ದರು. ಅವರನ್ನು ಹೊತ್ತೊಯ್ದರು. ತಿಂಡಿಯ ಪೊಟ್ಟಣಗಳು ಕಟ್ಟಿದಂತೆಯೇ ಉಳಿದವು. ನನಗೆ ಎದೆಯ ಮೇಲೆ ಯಾರೋ ಕಲ್ಲು ಹೇರಿದ ಹಾಗಾಯಿತು. ಎಷ್ಟು ಎಳೆದರೂ ಉಸಿರು ಗಂಟಲಿನಿಂದ ಕೆಳಗೆ ಇಳಿಯದು. ಸಿಸ್ಟರ್ ಬಂದು ಬೆರಳು ನೋಡಿ, ಆಕ್ಸಿಜನ್ ಹೆಚ್ಚು ಮಾಡಿ, “ಬೋರಲು ಮಲಗಿ ಅಣ್ಣ, ಹೊಟ್ಟೆ ಮೇಲೆ. ಶ್ವಾಸಕೋಶಕ್ಕೆ ಜಾಗ ಸಿಗುತ್ತೆ,” ಅಂದರು. ಮಲಗಿದೆ. ಮುಖ ಕೆಳಗಾದ ಕೂಡಲೇ ನೀರಿಗೆ ಬಿದ್ದವನಂತೆ ಒದ್ದಾಡಿ ಎದ್ದುಬಿಟ್ಟೆ. ಅವರು ಮತ್ತೆ ಮಲಗಿಸಿದರು, ನಾನು ಮತ್ತೆ ಎದ್ದೆ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಯಾರೋ ಕೂಗಿದ್ದರಿಂದ ಅವರು ಓಡಬೇಕಾಯಿತು.

ಆಗ ತಾತ ತಾವೇ ಬೋರಲಾಗಿ ಮಲಗಿದರು. ಮುಖ ನನ್ನ ಕಡೆ ತಿರುಗಿಸಿ, ಎರಡು ಮಂಚದ ನಡುವೆ ಕೈ ಇಳಿಬಿಟ್ಟರು.

“ನೀನೂ ಮನೀಕ. ಅಲ್ಲಿ ಇಲ್ಲಿ ನೋಡಬ್ಯಾಡ, ನನ್ ಕೈ ನೋಡು. ಕೈ ಮ್ಯಾಕೆ ಓದ್ರೆ ಎಳ್ಕ. ಕೆಳೀಕ್ ಬಂದ್ರೆ ಬುಡು.”

“ಆಗ್ತಿಲ್ಲ ತಾತ... ಎಳ್ಕೊಳಕ್ಕೆ ಆಗ್ತಿಲ್ಲ.”

“ಎಳ್ಕೊಳೋ ಚಿಂತೆ ಯಾಕ್ಲಾ ಮಾಡೀಯೆ? ಬುಡೋದ್ ನೋಡ್ಕ. ಪೂರಾ ಬುಟ್ರೆ ಅದೇ ಒಳಿಕ್ ಬತ್ತದೆ. ವಾಲ್ಗ ಕಲಿಯೋ ಐಕಳೂ ಇಂಗೇಯ, ಎಳ್ದೂ ಎಳ್ದೂ ಸಾಯ್ತವೆ. ಬುಡಾಕ್ ಬರಲ್ಲ ಅವುಕ್ಕೆ.”

ಅವರ ಕೈ ಮೇಲೆ ಹೋಯಿತು. ನಿಧಾನಕ್ಕೆ, ಬಹಳ ನಿಧಾನಕ್ಕೆ, ಬೆರಳುಗಳು ಒಂದೊಂದಾಗಿ ಮಡಚುತ್ತ ತೆರೆಯುತ್ತ, ವಾಲಗದ ತೂತುಗಳ ಮೇಲೆ ಆಡಿದ ಹಾಗೆ ಆಡುತ್ತ ಕೆಳಗೆ ಬಂತು. ಮೊದಮೊದಲು ನನ್ನ ಉಸಿರು ಅದರ ಹಿಂದೆ ಓಡಲಾರದೆ ಬಿದ್ದುಹೋಗುತ್ತಿತ್ತು. ತಾತ ಕಾಯುತ್ತಿದ್ದರು. ಮತ್ತೆ ಕೈ ಎತ್ತುತ್ತಿದ್ದರು. ಎಷ್ಟು ಹೊತ್ತು ಹಾಗೆ ಇದ್ದೆವೋ ಗೊತ್ತಿಲ್ಲ... ಸಿಸ್ಟರ್ ವಾಪಸ್ ಬಂದಾಗ ನಾನು ಬೋರಲಾಗಿಯೇ ಮಲಗಿದ್ದೆ, ಕಣ್ಣು ಆ ಕೈಯ ಮೇಲೆಯೇ ಇತ್ತು. ಅವರು ಬೆರಳು ನೋಡಿ, “ಏರ್ತಾ ಇದೆ ಅಣ್ಣ,” ಅಂದರು. ಆ ಪ್ಲಾಸ್ಟಿಕ್ಕಿನ ಒಳಗೂ ಅವರು ನಕ್ಕದ್ದು ದನಿಯಲ್ಲಿ ಕೇಳಿಸಿತು.

ಮರುದಿನದಿಂದ ಅದು ಇಡೀ ಹಾಲಿನ ಕೆಲಸವಾಯಿತು. ಬೆಳಗ್ಗೆ ಕಾಫಿಯಾದ ಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ, ಸಿಸ್ಟರ್ “ಎಲ್ಲರೂ ಬೋರಲು!” ಅನ್ನುತ್ತಿದ್ದರು. ತಾತ ಕೈ ಎತ್ತುತ್ತಿದ್ದರು. ಅವರ ಕೈ ಕಾಣದವರಿಗೆ ಕಾಣಿಸಲಿ ಅಂತ ಲಾರಿ ಡ್ರೈವರ್ ತನ್ನ ಕೈ ಎತ್ತುತ್ತಿದ್ದ, ಅವನನ್ನು ನೋಡಿ ಅದರಾಚೆಯವರು. ಕದ್ದು ಎದ್ದು ಕೂತವರಿಗೆ ತಾತ, “ಏಯ್, ತಾಳ ತಪ್ಪಿಸ್ದೋನ್ ಯಾವನ್ಲಾ?” ಅಂತ ಗದರುತ್ತಿದ್ದರು. ನಮ್ಮ ಪೊಟ್ಟಣಗಳು ಮತ್ತೆ ಬಿಚ್ಚಿಕೊಂಡವು. ಒಬ್ಬೊಬ್ಬರಾಗಿ ಮನೆಗೆ ಹೋಗತೊಡಗಿದರು.

ಅಂಥದರಲ್ಲಿ ತಾತನದೇ ಉಸಿರು ಕುಸಿಯಿತು. ಹಿಂದಿನ ದಿನ ಅಷ್ಟು ಮಾತಾಡಿದವರು, ಬೆಳಗ್ಗೆ ಮೀಸೆಗೆ ನೀರು ಸವರಲಿಲ್ಲ. ಸಿಸ್ಟರ್ ಬೆರಳು ನೋಡಿದವರೇ ಡಾಕ್ಟರಿಗೆ ಫೋನ್ ಮಾಡಿದರು. ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಅಲ್ಲಿಯವರೆಗೆ ಬಿಗಿಯಾದ ಮಾಸ್ಕ್ ಹಾಕಬೇಕು. ಗಡ್ಡ ಮೀಸೆ ಇದ್ದರೆ ಅದು ಮುಖಕ್ಕೆ ಕೂರುವುದಿಲ್ಲ, ಗಾಳಿ ಸೋರುತ್ತದೆ.

ತಾತ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡರು. “ಮೀಸೆ ಮುಟ್ಬ್ಯಾಡ್ರವ್ವಾ. ಅಲ್ಲಿಗೆ ಓದೋರು ಬರಾಕಿಲ್ಲ. ಓಯ್ತೀನಲ್ಲ, ಮೀಸೆ ಇಟ್ಕಂಡೇ ಓಯ್ತೀನಿ.”

ಯಾವತ್ತೂ ಹೆದರದ ಮನುಷ್ಯ ಹೆದರಿದ್ದನ್ನು ಆಗ ನೋಡಿದೆ. ಎದ್ದು ಅವರ ಮಂಚದ ಮೇಲೆ ಕೂತೆ.

“ತಾತ, ನನ್ನ ಮಗಳ ಮದುವೆಗೆ ವಾಲಗ ನಿಮ್ಮದೇ. ಬೀಗರಿಗೂ ಹೇಳಾಯ್ತು,” ಅಂದೆ. ಬೀಗರಿಗೆ ಹೇಳಿರಲಿಲ್ಲ. ಆದರೆ ಹೇಳುವವನಿದ್ದೆ.

“ಗಟ್ಟಿಮೇಳಕ್ಕೆ ಉಸ್ರ ಬ್ಯಾಡ್ವಾ ಮಗಾ? ಎಲ್ಲದೆ?”

“ಅದಕ್ಕೇ ಹೋಗಿ ತಕ್ಕೊಂಡು ಬನ್ನಿ.”

ತಾತ ಮೀಸೆಯ ಮೇಲಿನ ಕೈ ತೆಗೆದರು. ಸಿಸ್ಟರ್ ತಾವೇ ರೇಜರ್ ಹಿಡಿದು, ಮಗುವಿನ ಮುಖ ತೊಳೆಯುವಷ್ಟು ಮೆದುವಾಗಿ ಬೋಳಿಸಿದರು. ಆಂಬ್ಯುಲೆನ್ಸ್ ಬರುವುದು ತಡವಾಯಿತು. ಮಾಸ್ಕಿನೊಳಗೆ ತಾತನ ಕಣ್ಣು ತೇಲುತ್ತಿತ್ತು. ನಾನು ಅವರ ಮುಖದ ಮುಂದೆ ಕೈ ಎತ್ತಿದೆ. ಇಳಿಸಿದೆ. ನನ್ನ ಬೆರಳಿಗೆ ಮಗ್ಗದ ಲಾಳಿ ಎಸೆದು ಗೊತ್ತು, ವಾಲಗ ಗೊತ್ತಿಲ್ಲ, ಆದರೂ ಅವರ ಎದೆ ಅದನ್ನು ಹಿಡಿಯಿತು. ತಿರುಗಿ ನೋಡಿದರೆ ಲಾರಿ ಡ್ರೈವರ್ ಕೈ ಎತ್ತಿದ್ದ. ಆಚೆ ಮಂಚದವರೂ ಎತ್ತಿದ್ದರು. ಬಾಗಿಲಲ್ಲಿ ನಿಂತು ಆಂಬ್ಯುಲೆನ್ಸ್ ದಾರಿ ಕಾಯುತ್ತಿದ್ದ ಸಿಸ್ಟರ್ ಕೂಡ ನೀಲಿ ಗ್ಲೌಸಿನ ಕೈ ಎತ್ತಿದ್ದರು. ಸ್ಟ್ರೆಚರ್ ಹೊರಗೆ ಹೋಗುವವರೆಗೂ ನಾವು ಯಾರೂ ಕೈ ನಿಲ್ಲಿಸಲಿಲ್ಲ.

ನಾನು ಮನೆಗೆ ಬಂದೆ. ದಿನಾ ತಾತನ ಮಗನಿಗೆ ಫೋನ್ ಮಾಡುತ್ತಿದ್ದೆ. “ಅಂಗೇ ಅವ್ರೆ ಸಾ” ಅನ್ನುವುದೊಂದೇ ಉತ್ತರ. ಕೊನೆಗೆ ಒಂದು ದಿನ ಫೋನಿನಲ್ಲಿ ಮಗನ ಬದಲು ಕ್ಷೀಣವಾದ ಬೇರೊಂದು ದನಿ ಬಂತು.

“ಇಲ್ಲೂ ಉಪ್ಪಿಟ್ಟೇ ಕಣಪ್ಪಾ...”

ನಾನು ಮಗ್ಗದ ಗುಂಡಿಯಲ್ಲಿ ಕೂತವನು ಅಲ್ಲೇ ಗಟ್ಟಿಯಾಗಿ ನಕ್ಕೆ. ಹೆಂಡತಿ ಏನಾಯಿತೋ ಅಂತ ಒಲೆ ಬಿಟ್ಟು ಓಡಿಬಂದಳು.

ಅವರು ಮನೆಗೆ ಬಂದ ಮೇಲೆ ಯಳಂದೂರಿಗೆ ಮೊಪೆಡ್ಡಿನಲ್ಲಿ ಹೋಗಿ ನೋಡಿದರೆ, ತಾತ ಅರ್ಧ ಆಗಿದ್ದರು. ವಾಲಗವನ್ನು ಬಟ್ಟೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಿದ್ದರು. “ಬ್ಯಾರೆಯೋರ್ಗ ಯೋಳಪ್ಪಾ. ಬಾಗ್ಲಿಂದ ಬಚ್ಚಲಿಗ್ ಓಗಾಕೇ ಕುಂತ್ಕಂಡ್ ಓಯ್ತೀನಿ,” ಅಂದರು. ಗೂಟದಿಂದ ನಾನೇ ಇಳಿಸಿದೆ. ಆದರೆ ಪೂರಾ ವಾಲಗ ಕೊಡಲಿಲ್ಲ. ತುದಿಗೆ ಸಿಕ್ಕಿಸುವ ಪೀಪಿ ಒಂದನ್ನೇ ಕೈಗಿಟ್ಟೆ. ಮೊದಲ ದಿನ ಬರೀ ಗಾಳಿ. ಮುಂದಿನ ವಾರ ಮೇಕೆ ಮರಿ ಅರಚಿದ ಹಾಗೆ ಒಂದು ಸದ್ದು ಬಂತು. ತಾತನ ಹೆಂಡತಿ ಅಡುಗೆಮನೆಯಿಂದ ನಕ್ಕರು. ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ನನ್ನ ಮೊಪೆಡ್ಡು ಯಳಂದೂರಿನ ದಾರಿಯಲ್ಲಿರುತ್ತಿತ್ತು. ನಾನು ಕೈ ಎತ್ತಿ ಇಳಿಸುತ್ತಿದ್ದೆ, ಅವರು ಊದುತ್ತಿದ್ದರು. ತಾಳ ತಪ್ಪಿದರೆ ಈಗ ಬೈಸಿಕೊಳ್ಳುವವನು ನಾನು.

ಮದುವೆ ಕೊಳ್ಳೇಗಾಲದಲ್ಲೇ, ಸಣ್ಣ ಛತ್ರದಲ್ಲಿ. ಮಾಸ್ಕು ಹಾಕಿದ ಸ್ವಲ್ಪ ಜನ. ತಾತ ಬೆಳಗ್ಗೆಯೇ ಬಂದರು, ಮೀಸೆ ಮತ್ತೆ ಬೆಳೆದು ತಿರುವಿಗೆ ಬಂದಿತ್ತು. ಲಾರಿ ಡ್ರೈವರ್ ಹೆಂಡತಿ ಮಕ್ಕಳ ಜೊತೆ ಬಂದ. ಒಬ್ಬ ಹೆಂಗಸು ಬಾಗಿಲಲ್ಲಿ ನಿಂತು, “ಅಣ್ಣ, ಉಪ್ಪಿಟ್ಟು ಇದೆಯಾ?” ಅಂದರು. ಮುಖ ಹೊಸದು. ದನಿ ಕೇಳಿ ನನ್ನ ಕಣ್ಣು ತುಂಬಿತು... ಸಿಸ್ಟರ್! ಇಷ್ಟು ಚಿಕ್ಕ ಹುಡುಗಿಯಾ ನಮ್ಮನ್ನೆಲ್ಲ ಹಾಗೆ ಗದರಿ ಬದುಕಿಸಿದ್ದು ಅನ್ನಿಸಿತು.

ಮುಹೂರ್ತ ಹತ್ತಿರ ಬಂತು. ಅಲ್ಲಿಯವರೆಗೆ ತಾತನ ಮಗ ಊದುತ್ತಿದ್ದ, ತಾತ ಉಸಿರು ಕೂಡಿಸಿಕೊಂಡು ಸುಮ್ಮನೆ ಕೂತಿದ್ದರು. ಗಟ್ಟಿಮೇಳ ಅಂದರೆ ಎಲ್ಲ ವಾದ್ಯವೂ ಒಟ್ಟಿಗೆ ಏರಿ, ತಾಳಿ ಕಟ್ಟಿ ಮುಗಿಯುವವರೆಗೆ ಇಳಿಯಬಾರದು. ಇಳಿದರೆ ಜನ ಅಪಶಕುನ ಅನ್ನುತ್ತಾರೆ. ನನ್ನ ಎರಡು ಕೈಯಲ್ಲೂ ತಾಳಿಯ ತಟ್ಟೆ ಇತ್ತು. ತಾತನಿಗೆ ಕೈ ತೋರಿಸುವುದು ಹೇಗೆ? ಅಷ್ಟರಲ್ಲಿ ಪುರೋಹಿತರು “ಗಟ್ಟಿಮೇಳ, ಗಟ್ಟಿಮೇಳ!” ಅಂತ ಕೂಗಿಯೇಬಿಟ್ಟರು. ತಾತ ಮಗನ ಭುಜ ತಟ್ಟಿ ನಿಲ್ಲಿಸಿ, ತಾವು ತುಟಿಗಿಟ್ಟರು.

ಛತ್ರದ ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು, ಲಾರಿ ಡ್ರೈವರನದು. ಪಕ್ಕದಲ್ಲಿ ಸಿಸ್ಟರ್ ಕೈ. ಹಾಸ್ಟೆಲ್ಲಿನಲ್ಲಿ ಜೊತೆಗಿದ್ದು ಮದುವೆಗೆ ಬಂದಿದ್ದ ಒಬ್ಬೊಬ್ಬರ ಕೈಯೂ ತಲೆಗಳ ಮೇಲೆ ಏಳುತ್ತ, ಒಟ್ಟಿಗೆ ನಿಧಾನಕ್ಕೆ ಇಳಿಯುತ್ತ... ಅಕ್ಷತೆ ಹಾಕುತ್ತಿದ್ದಾರೆ ಅಂದುಕೊಂಡರು ಬೀಗರು. ತಾತನ ಕಣ್ಣು ಆ ಕೈಗಳ ಮೇಲಿತ್ತು. ವಾಲಗ ಎದ್ದಿತು. ಮೊದಲು ಸ್ವಲ್ಪ ನಡುಗಿತು, ಆಮೇಲೆ ನಡುಗಲಿಲ್ಲ. ಅಳಿಯ ಒಂದು ಗಂಟು ಹಾಕಿದ, ಎರಡು ಹಾಕಿದ, ಗಡಿಬಿಡಿಯಲ್ಲಿ ಮೂರನೆಯದು ಜಾರಿ ಮತ್ತೆ ಹಾಕಿದ. ಅಷ್ಟು ಹೊತ್ತೂ ಆ ದನಿ ಛತ್ರದ ತಗಡು ನಡುಗುವಂತೆ ಮೇಲೆಯೇ ನಿಂತಿತ್ತು. ಇಳಿಯಲೇ ಇಲ್ಲ.

ಮುಗಿದ ಮೇಲೆ ತಾತ ಬೆವರೊರೆಸಿಕೊಂಡು ನನ್ನ ಕಡೆ ನೋಡಿ, “ಆನೆ ಬಂದಿದ್ವಾ ಮಗಾ?” ಅಂದರು.

“ಎಲ್ಲ ಬಂದಿದ್ವು ತಾತ,” ಅಂದೆ.

ಆಮೇಲೂ ಅವರು ಎಷ್ಟೋ ಮದುವೆಗೆ ಊದಿದರು. ಹನೂರಿನ ಕಡೆಯ ಒಂದು ಮದುವೆ ಮುಗಿಸಿ, ಮದುವೆಯೂಟ ಉಂಡು ಬಂದು ಮಲಗಿದವರು ಹೋದ ವರ್ಷ ಹಾಗೆಯೇ ಹೋದರು. ಅವತ್ತು ಯಳಂದೂರಿನಲ್ಲಿ ಜನ ಒತ್ತಿಕೊಂಡು ಸೇರಿದ್ದರು, ಹೆಗಲಿಗೆ ಹೆಗಲು ತಾಗಿಸಿ ಅತ್ತರು. ಹಾಗೆ ಒಟ್ಟಿಗೆ ಅಳುವುದಕ್ಕೂ ಆಗದಿದ್ದ ಕಾಲವನ್ನು ದಾಟಿ ಬಂದವರು ನಾವು. ಆ ದಿನಗಳಿಂದ ಏನು ಕಲಿತಿರಿ ಅಂತ ಯಾರಾದರೂ ಕೇಳಿದರೆ, ನನಗೆ ದೊಡ್ಡ ಮಾತು ಬರುವುದಿಲ್ಲ. ಪಕ್ಕದಲ್ಲಿ ಮಲಗಿದವನ ಉಸಿರು ನನ್ನ ಉಸಿರಿನಷ್ಟೇ ನನ್ನ ಕೆಲಸ ಅಂತ ಗೊತ್ತಾಯಿತು, ಅಷ್ಟೇ. ಅದು ಗೊತ್ತಾದ ಮೇಲೆ ಭಯ ಕಡಿಮೆಯಾಯಿತು.

ಈಗ ಪೇಟೆಗೆ ಹೋಗುವಾಗ ಛತ್ರದ ಮುಂದೆ ಹಾದರೆ, ಯಾರ ಮದುವೆಯಾದರೂ ಸರಿ, ಮೊಪೆಡ್ ನಿಲ್ಲಿಸುತ್ತೇನೆ. ಒಳಗಿನಿಂದ “ಗಟ್ಟಿಮೇಳ!” ಅನ್ನುವ ಕೂಗು ಕೇಳಿಸುತ್ತದೆ. ಊದುವವರು ಬೇರೆ ಯಾರೋ. ಆದರೂ ಆ ಕೂಗಿಗೆ, ಹೇಳದೆ ಕೇಳದೆ, ನನ್ನ ಎದೆ ತುಂಬ ಗಾಳಿ ಎಳೆದುಕೊಳ್ಳುತ್ತೇನೆ... ತಾಳಿ ಕಟ್ಟಿ ಮುಗಿದು ವಾಲಗ ಇಳಿದಾಗ, ತಾತ ಹೇಳಿದ ಹಾಗೆ, ಪೂರಾ ಬಿಡುತ್ತೇನೆ.