ನಮ್ಮಮ್ಮ ಕಳಿಸಿದ ಶುಭೋದಯ

ಬೆಳಗ್ಗೆ ಎದ್ದು ಕಾಫಿ ಕುಡಿದ ಮೇಲೆ ನಮ್ಮಮ್ಮನಿಗೆ ಮೊದಲ ಕೆಲಸ ಶುಭೋದಯ ಕಳಿಸುವುದು. ಬಸವೇಶ್ವರನಗರದ ನಮ್ಮ ಬೀದಿಯ ಭಜನೆ ಮಂಡಳಿಯ ಹೆಂಗಸರಿಗೆ ಒಂದು ವಾಟ್ಸಾಪ್ ಗ್ರೂಪ್, ನೆಂಟರಿಷ್ಟರಿಗೆ ಇನ್ನೊಂದು. ಗುಲಾಬಿ, ಬಾಲಕೃಷ್ಣ, ಉದಯಿಸುವ ಸೂರ್ಯ, ಏನೇ ಬರಲಿ ಇಲ್ಲಿಂದ ಎತ್ತಿ ಅಲ್ಲಿಗೆ ದಾಟಿಸುತ್ತಾಳೆ. ಅದರಲ್ಲಿ ಏನು ಬರೆದಿದೆ ಅಂತ ನೋಡುವ ಗೋಜಿಗೆ ಹೋಗುವುದಿಲ್ಲ. "ಯಾರೋ ನಮ್ಮನ್ನ ನೆನೆಸ್ಕೊಂಡು ಕಳ್ಸಿರ್ತಾರೆ ಕಣೋ. ನಾವು ಸುಮ್ನಿದ್ರೆ ಏನ್ ಚೆನ್ನಾಗಿರತ್ತೆ?" ಎನ್ನುತ್ತಾಳೆ. ಅವಳ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲೇ ಇಲ್ಲ.

ಆಗ ನನ್ನ ಮಗಳು ಒಂಬತ್ತನೇ ಕ್ಲಾಸು. ಹುಟ್ಟಾ ಮಾತಿನ ಮಲ್ಲಿ. ಶಾಲೆಯ ಪ್ರೇಯರಿನಲ್ಲಿ ದಿನದ ಸುದ್ದಿ ಓದುವವಳು ಅವಳೇ. ಮನೆಯಲ್ಲಿ ಅದನ್ನೇ ಮತ್ತೆ ಅಜ್ಜಿಗೆ ಕೈಬಾಯಿ ತಿರುಗಿಸಿ ಹೇಳುವವಳೂ ಅವಳೇ. ಅಂಥವಳು ಇದ್ದಕ್ಕಿದ್ದಂತೆ ತೆಪ್ಪಗಾದಳು. ಯೂನಿಫಾರ್ಮ್ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಶುರುವಾಗುತ್ತಿತ್ತು, ಭಾನುವಾರ ಮಾತ್ರ ಬರುತ್ತಿರಲಿಲ್ಲ. ನನ್ನ ಹೆಂಡತಿ ಜೀರಿಗೆ ಕಷಾಯ ಕುಡಿಸಿದಳು. ನಾನು ಪಾನಿಪೂರಿ ಗಾಡಿಯವನನ್ನು ಬೈದೆ. ಅಷ್ಟರಲ್ಲಿ ಕ್ಲಾಸ್ ಟೀಚರ್ ಫೋನ್ ಮಾಡಿದರು: ಸೈನ್ಸ್ ಟೆಸ್ಟಿನಲ್ಲಿ ಅರ್ಧ ಪೇಪರ್ ಖಾಲಿ ಬಿಟ್ಟಿದ್ದಾಳೆ, ಹೋಂವರ್ಕ್ ತರುತ್ತಿಲ್ಲ, ಯಾವ ಪಾಠದಿಂದ ಟೆಸ್ಟ್ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲವಂತೆ. ಅದೆಲ್ಲ ಮಕ್ಕಳ ಕ್ಲಾಸ್ ಗ್ರೂಪಿನಲ್ಲಿ ಬರುತ್ತದೆ. ಇವಳು ಆ ಗ್ರೂಪ್ ಬಿಟ್ಟು ಎಷ್ಟೋ ದಿನವಾಗಿತ್ತು. ಮಗಳು ಫೋನ್ ಮುಟ್ಟುವುದನ್ನೇ ಬಿಟ್ಟಿದ್ದಾಳೆ ಅಂತ ನನ್ನ ಹೆಂಡತಿ ಪಕ್ಕದ ಮನೆಯವರ ಹತ್ತಿರ ಜಂಭ ಕೊಚ್ಚಿಕೊಂಡಿದ್ದಳು ಬೇರೆ. ಯಾಕೆ ಬಿಟ್ಟೆ ಅಂತ ಕೇಳಿದರೆ ಹುಡುಗಿ ಬಾಯಿ ಬಿಡಲಿಲ್ಲ.

ಮಾರನೇ ದಿನ ನೆಂಟರ ಗ್ರೂಪಿನಲ್ಲಿ ಅಮ್ಮನ ಶುಭೋದಯ ಬಂತು. ತೆರೆದು ನೋಡಿದರೆ ನನ್ನ ಮಗಳು. ಶಾಲೆಯಲ್ಲಿ ಸುದ್ದಿ ಓದುವಾಗ ತೆಗೆದ ವಿಡಿಯೋದಿಂದ ಯಾರೋ ಮುಖ ಕತ್ತರಿಸಿ ಸ್ಟಿಕರ್ ಮಾಡಿದ್ದರು. ಬಾಯಿ ಅಗಲವಾಗಿ ತೆರೆದಿತ್ತು, ಒಂದು ಕಣ್ಣು ಅರ್ಧ ಮುಚ್ಚಿತ್ತು, ತಲೆಯ ಮೇಲೆ ಕಪ್ಪೆಯ ಎರಡು ಹಸಿರು ಕಣ್ಣು ಅಂಟಿಸಿದ್ದರು. ಕೆಳಗೆ ನೆಂಟರೆಲ್ಲ ಹೂವು, ಕೈಮುಗಿದ ಚಿತ್ರ ಹಾಕಿದ್ದರು. "ಎಷ್ಟು ಮುದ್ದಾಗಿದೆ ಮಗು, ದೃಷ್ಟಿ ತೆಗೀರಿ" ಅಂತ ನಮ್ಮಕ್ಕ.

ನಾನು ಕೆಳಗಿಳಿದು ಬರುವಷ್ಟರಲ್ಲಿ ಅಮ್ಮ ಅದನ್ನೇ ಮೊಮ್ಮಗಳಿಗೆ ತೋರಿಸುತ್ತಿದ್ದಳು. "ನೋಡೇ ಪುಟ್ಟಿ, ಎದುರು ಮನೆಯವ್ರು ಭಜನೆ ಗ್ರೂಪಲ್ಲಿ ಹಾಕಿದ್ರು. ನಾನು ಎಲ್ಲಾರ್ಗೂ ಕಳ್ಸಿದೀನಿ."

ಆಮೇಲೆ ಗೊತ್ತಾಯಿತು, ಎದುರು ಮನೆಯಾಕೆಯ ಫೋನನ್ನು ಹೆಚ್ಚಾಗಿ ಹಿಡಿದಿರುತ್ತಿದ್ದವನು ಇವಳ ಕ್ಲಾಸಿನಲ್ಲೇ ಓದುವ ಅವರ ಮೊಮ್ಮಗ. ಅವನು ಉಳಿಸಿಕೊಂಡಿದ್ದ ಸ್ಟಿಕರ್ ಅವರ ಕಣ್ಣಿಗೆ ಬಿದ್ದಿದೆ. ಅಯ್ಯೋ ನಮ್ಮ ಹುಡುಗಿ ಅಂತ ಪ್ರೀತಿಯಿಂದ ಗ್ರೂಪಿಗೆ ಒತ್ತಿದ್ದಾರೆ.

ಮಗಳು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟಳು. "ನಂಗೆ ಟಿ.ಸಿ. ತಂದ್ಕೊಡಿ. ಇನ್ನು ಆ ಸ್ಕೂಲಿಗೆ ನಾನು ಹೋಗಲ್ಲ" ಎಂದವಳೇ ಅಳುತ್ತಾ ಎಲ್ಲ ಹೇಳಿದಳು. ಕ್ಲಾಸ್ ಗ್ರೂಪಿನಲ್ಲಿ ಅವಳು ಏನು ಡೌಟ್ ಕೇಳಿದರೂ ಉತ್ತರ ಈ ಸ್ಟಿಕರ್. ಒಬ್ಬ ಹಾಕಿದರೆ ಹಿಂದೆಯೇ ಉಳಿದವರ ಸಾಲು. ಕ್ಲಾಸಿನಲ್ಲಿ ಉತ್ತರ ಹೇಳಲು ಎದ್ದರೆ ಹಿಂದಿನ ಬೆಂಚಿನಿಂದ ಮೆತ್ತಗೆ "ವಟ್". ಅದಕ್ಕೇ ಕೇಳುವುದನ್ನು ಬಿಟ್ಟಳು, ಸುದ್ದಿ ಓದುವುದನ್ನು ಬಿಟ್ಟಳು, ಓದಿಗೆ ಕೂತರೂ ಅಕ್ಷರ ತಲೆಗೆ ಹತ್ತದಾಯಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಾಮಾಕ್ಷಿಪಾಳ್ಯದಲ್ಲಿ ಗ್ರಿಲ್, ಗೇಟ್ ಮಾಡುವ ವರ್ಕ್‌ಶಾಪ್ ನನ್ನದು. ಇಡೀ ದಿನ ಸದ್ದಿನ ನಡುವೆ ಕೂಗಿ ಕೂಗಿ ಮಾತಾಡುವವನಿಗೆ ಮೆಲ್ಲಗೆ ಮಾತಾಡುವುದು ಎಲ್ಲಿಂದ ಬರಬೇಕು? ಸ್ಕೂಟರ್ ಕೀ ಎತ್ತಿಕೊಂಡೆ.

"ಎಲ್ಲಿಗ್ರೀ?" ಅಂದಳು ಹೆಂಡತಿ.

"ಒಬ್ಬೊಬ್ಬಂದೂ ಕತ್ತಿನ ಪಟ್ಟಿ ಹಿಡಿಯೋಕೆ."

"ಬೇಡಪ್ಪಾ" ಎಂದಳು ಮಗಳು. "ನೀನು ಬಂದು ಕೂಗಾಡಿದ್ರೆ ಅದನ್ನೂ ವಿಡಿಯೋ ಮಾಡ್ತಾರೆ. ನಾಳೆಯಿಂದ ನಿಂದೂ ಸ್ಟಿಕರ್ ಬರತ್ತೆ."

ಕೀ ಮೊಳೆಗೆ ನೇತುಹಾಕಿದೆ. ಜೀವನದಲ್ಲಿ ನನ್ನ ಸಿಟ್ಟನ್ನು ಇಷ್ಟು ಸಲೀಸಾಗಿ ಇಳಿಸಿದವರು ಇನ್ನೊಬ್ಬರಿಲ್ಲ.

ಅಮ್ಮ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. "ತಲೆ ಮೇಲೆ ಹಸಿರು ಗುಂಡು ಇತ್ತಲ್ಲ, ಸ್ಕೂಲ್ ಡೇಗೆ ವೇಷ ಹಾಕ್ಸಿದಾರೆ ಅಂದ್ಕೊಂಡೆ" ಎಂದಳು. ಮತ್ತೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, "ಇದು ಬೈಯೋಕೆ ಮಾಡಿರೋದಾ ಪುಟ್ಟಿ?"

"ಹೂಂ ಅಜ್ಜಿ."

ಅಮ್ಮ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಭಜನೆಯ ಒಬ್ಬೊಬ್ಬರ ಮನೆಗೂ ಹೋಗಿ, ಎದುರಿಗೇ ನಿಂತು ಸ್ಟಿಕರ್ ಅಳಿಸಿಹಾಕಿಸಿದ ಮೇಲಷ್ಟೇ ಕದಲಿದಳಂತೆ. ಎದುರು ಮನೆಯಲ್ಲಿ ಮಾತ್ರ ತಡವಾಯಿತು. ಆಕೆ ಮೊಮ್ಮಗನನ್ನು ಮುಂದೆ ನಿಲ್ಲಿಸಿಕೊಂಡು ಅಳುತ್ತಿದ್ದರಂತೆ. ಸ್ಟಿಕರ್ ಮಾಡಿದವನು ಅವನಲ್ಲ, ಆದರೆ ಕಳಿಸಿದವರಲ್ಲಿ ಅವನೂ ಒಬ್ಬ.

ವಾಪಸ್ಸು ಬಂದ ಅಜ್ಜಿಯ ಮುಂದೆ ಮಗಳು ಕೈಚಾಚಿದಳು. "ಕೊಡು, ನಿನ್ನ ಫೋನಿಂದ್ಲೂ ನೆಂಟರ ಗ್ರೂಪಿಂದ್ಲೂ ಅಳಿಸ್ತೀನಿ."

ಅಮ್ಮ ಕೊಡಲಿಲ್ಲ. ಫೋನನ್ನು ಸೆರಗಿನಲ್ಲಿ ಹಿಡಿದುಕೊಂಡು, "ಈಚೆಗೆ ನೀನು ಬಾಯ್ತುಂಬ ಮಾತಾಡಿದ್ದು ನಾನು ನೋಡಿರೋದು ಇದೊಂದ್ರಲ್ಲೇ ಕಣೇ" ಎಂದಳು. "ನನ್ನ ಹತ್ರನೂ ಮಾತು ಬಿಟ್ಟೆಯಲ್ಲ. ಇದು ಬಂದಾಗ ಎಷ್ಟು ಖುಷಿಯಾಯ್ತು ಗೊತ್ತಾ? ಎಲ್ಲಾರ್ಗೂ ಕಳ್ಸೋಣ ಅನ್ನಿಸ್ತು."

ಮಗಳು ಅಜ್ಜಿಯ ತೊಡೆಯಲ್ಲಿ ಮುಖ ಹುದುಗಿಸಿ ಅತ್ತಳು. ಅಮ್ಮ ತಲೆ ಸವರುತ್ತಾ ಕೂತಿದ್ದಳು. ಆಮೇಲೆ ತಾನಾಗಿಯೇ ಫೋನನ್ನು ಅವಳ ಕೈಗಿತ್ತಳು. ಅವತ್ತು ಶಾಲೆ ಇರಲಿ, ಆಮೇಲೆ ಯಾರೂ ಹೊಸ್ತಿಲು ದಾಟಲಿಲ್ಲ.

ಮರುದಿನ ಟಿ.ಸಿ. ಕೇಳಲೆಂದೇ ಅವಳನ್ನು ಕರೆದುಕೊಂಡು ಶಾಲೆಗೆ ಹೋದೆ. ಟೀಚರ್ ಎದುರು ನಾನು ಬಾಯಿ ತೆರೆಯುವಷ್ಟರಲ್ಲಿ, "ನೀನು ಸುಮ್ನಿರಪ್ಪಾ, ನಾನೇ ಹೇಳ್ತೀನಿ" ಎಂದಳು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ಟೀಚರಿಗೆ ನಿಜವಾಗಿಯೂ ಬೇಜಾರಾಗಿತ್ತು. "ಯಾರು ಮಾಡಿದ್ದು ಅಂತ ಹೇಳು, ಬಿಡೋದೇ ಇಲ್ಲ" ಎಂದರು.

"ಮಾಡಿದೋನು ಒಬ್ಬ ಮೇಡಂ, ಅವನ ಹೆಸರು ಹೇಳ್ತೀನಿ. ಆದ್ರೆ ನಕ್ಕಿದ್ದು ನನ್ನ ಪಕ್ಕ ಕೂತ್ಕೊಳ್ಳೋರು, ನನ್ನ ಜೊತೆ ಡಬ್ಬಿ ಹಂಚ್ಕೊಂಡು ತಿನ್ನೋರು. ಅವರಿಗೆ ಏನ್ ಮಾಡ್ತೀರಾ?"

ಟೀಚರ್ ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು, ಅಷ್ಟೇ. ಬೆಲ್ ಹೊಡೆಯಿತು. ನಾನಿನ್ನೂ ಟಿ.ಸಿ. ಮಾತು ಎತ್ತಿರಲಿಲ್ಲ, ಅವಳು ಬ್ಯಾಗ್ ಹೆಗಲಿಗೇರಿಸಿಕೊಂಡು ಕ್ಲಾಸಿಗೆಂದು ಎದ್ದಳು. ಬಾಗಿಲ ಹತ್ತಿರ ನಿಂತು ತಿರುಗಿ ನೋಡಿದಳು.

"ಗೇಟ್ ಹತ್ರ ಇರ್ತೀಯಾ ಅಪ್ಪಾ?"

"ಇರ್ತೀನಿ ಕಂದ."

ಎಷ್ಟು ಹೊತ್ತು ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ವರ್ಕ್‌ಶಾಪಿಗೆ ಫೋನ್ ಮಾಡಿ, ಇವತ್ತು ಬರಲ್ಲ ಅಂದೆ.